ಉಪದೇಶಿ ತಾತನ ಕೆಮ್ಮು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೊಳೆನರಸೀಪುರದ ನಮ್ಮ ಚರ್ಚಿನಲ್ಲಿ ನಾಲ್ಕು ಭಾನುವಾರ ನಾನು ದೊಡ್ಡವರಿಗೆ ಉಪದೇಶ ಹೇಳಿಕೊಟ್ಟೆ, ನಿಜ. ಆದರೆ ಆ ನಾಲ್ಕೂ ವಾರ ಮಾತಾಡಿದ ದನಿ ನನ್ನದಲ್ಲ. ಮೊಣಕಾಲು ಆಪರೇಷನ್ ಮಾಡಿಸಿಕೊಂಡು ಹಾಸನದಲ್ಲಿ ಮಗಳ ಮನೆಯಲ್ಲಿ ಮಲಗಿದ್ದ ಮುದುಕರೊಬ್ಬರ ದನಿಯನ್ನು ಕದ್ದು ತಂದು, ಅವರ ಕೆಮ್ಮಿನ ಸಮೇತ ಜನಕ್ಕೆ ಬಡಿಸಿದೆ. ಹೆದರಿಕೆಗೆ ಮಾಡಿದ ಕೆಲಸ. ಅದರ ಏಟು ಬಿದ್ದದ್ದು ಮಾತ್ರ ನನ್ನ ಮೇಲಲ್ಲ, ಏನೂ ತಪ್ಪು ಮಾಡದ ಒಬ್ಬ ಹೂ ಮಾರುವ ಹೆಂಗಸಿನ ಮೇಲೆ.

ನಾನು ಅಣಕ ಮಾಡುವವನು. ಇದನ್ನು ಕಲೆ ಅಂತ ಹೇಳಿಕೊಳ್ಳುವಷ್ಟು ಧೈರ್ಯ ನನಗಿಲ್ಲ. ನಮ್ಮಮ್ಮ ಕಾಯಿಲೆ ಅನ್ನುತ್ತಾಳೆ. ಅರಕಲಗೂಡಿನ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸ. ಶುಂಠಿ ಕೊಳೀತಾ ಇದೆ, ಏನಾದರೂ ಕೊಡು ಅಂತ ಬಂದವರು ಔಷಧಿ ತಗೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಅವರ ನಡಿಗೆ, ಗೊಣಗಾಟ, ಪಂಚೆ ಎತ್ತಿ ಕಟ್ಟುವ ರೀತಿ ಎಲ್ಲ ನನಗೆ ಬಂದಿರುತ್ತದೆ. ಸಾಯಂಕಾಲದ ಬಸ್ಸಿನಲ್ಲಿ ಊರಿಗೆ ವಾಪಸ್ ಬರುವಾಗ ಅದನ್ನೆಲ್ಲ ಪಕ್ಕದಲ್ಲಿ ಕೂತವರಿಗೆ ಬಿಟ್ಟಿ ತೋರಿಸುತ್ತೇನೆ. ನನ್ನನ್ನೂ ಬಿಡುವುದಿಲ್ಲ. ಹುಡುಗಿ ನೋಡಲು ಹೋದ ಮನೆಯಲ್ಲಿ ಕಾಫಿ ಲೋಟ ಹಿಡಿದು ನಾನು ಕೂತಿದ್ದ ಭಂಗಿ ನಮ್ಮ ಬೀದಿಯಲ್ಲಿ ಈಗಲೂ ಕೇಳಿ ಹಾಕಿಸಿಕೊಳ್ಳುವ ಐಟಂ.

ಚರ್ಚಿನಲ್ಲಿ ನನಗೆ ಇಬ್ಬರು ಖಾಯಂ ಗಿರಾಕಿಗಳು. ಒಬ್ಬರು ಫಾದರ್. ಕರಾವಳಿ ಕಡೆಯವರು, ಒಂದೊಂದು ಅಕ್ಷರವನ್ನೂ ತೊಳೆದು ಒರೆಸಿ ಇಟ್ಟ ಹಾಗೆ ಮಾತಾಡುತ್ತಾರೆ. ಇನ್ನೊಬ್ಬರು ಉಪದೇಶಿ ತಾತ. ಉಪದೇಶಿ ಅಂದರೆ ನಮ್ಮಲ್ಲಿ ಜಪ, ಧರ್ಮದ ಪಾಠ ಹೇಳಿಕೊಡುವವರು. ಫಾದರ್‌ಗಳು ಐದಾರು ವರ್ಷಕ್ಕೊಮ್ಮೆ ವರ್ಗವಾಗಿ ಹೋಗುತ್ತಾರೆ, ಉಪದೇಶಿ ಮಾತ್ರ ಊರಿನ ಆಸ್ತಿ. ತಾತ ಪಾಠಕ್ಕೆ ನಿಂತರೆ ಮೊದಲು ಎರಡು ಕೆಮ್ಮು. ಆಮೇಲೆ ಉದ್ದಕ್ಕೆ ಎಳೆದ ಒಂದು ‘ಮಕ್ಳಾ’, ಎದುರಿಗೆ ಕೂತವರಿಗೆ ಅರವತ್ತು ವರ್ಷವಾಗಿದ್ದರೂ ಅಷ್ಟೆ. ಸಾಲು ಹೇಳುವ ಮಧ್ಯೆ, ಕಟ್ಟಿಸಿದ ಹಲ್ಲನ್ನು ನಾಲಿಗೆಯಲ್ಲಿ ಸರಿಮಾಡಿಕೊಳ್ಳುವ ‘ಟಕ್’ ಅನ್ನುವ ಸದ್ದು. ಅವರೊಂದು ಸಾಲು ಹೇಳುವುದು, ನಾವು ಅದನ್ನೇ ತಿರುಗಿ ಹೇಳುವುದು. ನಮ್ಮ ಊರಿನ ಅರ್ಧ ಜನ ಓದು ಬರುವುದಕ್ಕೆ ಮುಂಚೆಯೇ ಹೀಗೆ ಕಿವಿಯಲ್ಲೇ ಉಪದೇಶ ಕಲಿತವರು.

ಈ ಸಲ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ಹೊತ್ತಿಗೆ ತಾತನ ಮೊಣಕಾಲು ಕೈಕೊಟ್ಟಿತು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ನನ್ನನ್ನು ಕರೆದರು. ಪೂಜೆಯಲ್ಲಿ ಅವರು ಹೇಳುವ ಪ್ರಸಂಗವನ್ನು ನಾನು ಹಿಂದಿನ ವಾರ ಬಸ್ ಸ್ಟಾಂಡಿನಲ್ಲಿ ಮಾಡಿ ತೋರಿಸಿದ್ದು ಕಿವಿಗೆ ಬಿದ್ದಿರಬೇಕು ಅಂತ ತಲೆ ತಗ್ಗಿಸಿಕೊಂಡು ಹೋದೆ. ಬಿದ್ದಿತ್ತು. ಅದನ್ನು ಪಕ್ಕಕ್ಕಿಟ್ಟು ಅವರು ಹೇಳಿದ್ದಿಷ್ಟು: ಉಪದೇಶಿಯವರ ಪಾಠವಷ್ಟೂ ನಿನಗೆ ಬಾಯಿಪಾಠ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಯಾಕಾಗಿ ಬಾಯಿಪಾಠ ಮಾಡಿದೆ ಎಂದು ನಾನು ಕೇಳುವುದಿಲ್ಲ, ಬರುವ ವಾರದಿಂದ ದೊಡ್ಡವರ ತರಗತಿ ನಿನ್ನದು.

ಬಸ್ಸಿನಲ್ಲಿ ಐವತ್ತು ಜನರ ಮುಂದೆ ಬಾಯಿ ಬಡಿದುಕೊಳ್ಳುವವನಿಗೆ ನಾಲ್ಕು ಜನರ ಮುಂದೆ ದೇವರ ವಿಷಯ ಹೇಳುವುದೆಂದರೆ ಆಗದ ಮಾತು. ನಾನು ಹೇಳಿದ್ದನ್ನು ಇವರು ನಿಜ ಅಂದುಕೊಂಡುಬಿಟ್ಟರೆ ಅನ್ನುವುದೇ ಭಯ. ಇಲ್ಲಿಯವರೆಗೆ ನಾನು ಹೇಳಿದ ಯಾವುದನ್ನೂ ಯಾರೂ ನಿಜ ಅಂದುಕೊಂಡಿರಲಿಲ್ಲ.

ತರಗತಿ ಚರ್ಚಿನ ಹಿಂದೆ, ಮೆಟ್ಟಿಲು ಹತ್ತಿ ಹೋಗುವ ಕೋಣೆಯಲ್ಲಿ. ಕ್ರಿಸ್ಮಸ್ ಗೋದಲಿಯ ಕುರಿ, ಒಂಟೆಗಳನ್ನೆಲ್ಲ ಒಂದು ಮೂಲೆಯಲ್ಲಿ ಹಳೇ ಸೀರೆ ಹೊದಿಸಿ ಇಟ್ಟಿರುವ ಜಾಗ. ಬಂದವರು ನಾಲ್ಕು ಜನ, ಒಂದು ಕೂಸು. ಒಬ್ಬರು ರಿಟೈರ್ ಆದ ಬಸ್ ಕಂಡಕ್ಟರ್. ಸರ್ವಿಸಿನಲ್ಲಿದ್ದಷ್ಟು ವರ್ಷ ಭಾನುವಾರವೆಲ್ಲ ಡ್ಯೂಟಿಯಲ್ಲೇ ಹೋಯ್ತು, ಈಗಲಾದರೂ ಕಲಿಯೋಣ ಅಂತ ಬಂದವರು. ಇನ್ನಿಬ್ಬರು ಗಂಡ ಹೆಂಡತಿ. ಹೆಂಡತಿ ನಮ್ಮ ಚರ್ಚಿನ ಹುಡುಗಿ, ಗಂಡ ಹರದನಹಳ್ಳಿಯ ಬೇಸಾಯದ ಮನೆಯವನು. ಮಗುವಿಗೆ ಅವರ ಮನೆಯಲ್ಲಿ ನಾಮಕರಣ ಆಗಿತ್ತು, ಈಸ್ಟರ್ ಆದ ಮೇಲೆ ನಮ್ಮಲ್ಲಿ ತಲೆಗೆ ನೀರು ಹಾಕಿ ಚರ್ಚಿಗೆ ಸೇರಿಸಿಕೊಳ್ಳುವ ಜ್ಞಾನಸ್ನಾನ ಆಗಬೇಕಿತ್ತು. ಅವನು ಉಪದೇಶಕ್ಕಂತ ಬಂದವನಲ್ಲ. ಹೆಂಡತಿಯನ್ನು ಬೈಕಿನಲ್ಲಿ ತಂದು ಬಿಟ್ಟು, ಹೊರಗೆ ಬಿಸಿಲು ಸಾ ಅಂತ ಒಳಗೆ ಬಂದು ಕೂತು, ಕೂಸನ್ನು ಆಡಿಸುತ್ತಿದ್ದ.

ನಾಲ್ಕನೆಯವರು ಹೂವಿನ ದೊಡ್ಡಮ್ಮ. ದೇವಸ್ಥಾನದ ಬೀದಿಯ ತಿರುವಿನಲ್ಲಿ ಹೂ ಕಟ್ಟಿ ಮಾರುತ್ತಾರೆ. ಬೆಳಿಗ್ಗೆ ದೇವಸ್ಥಾನಕ್ಕೆ ಹೋಗುವವರಿಗೆ ಮಾರಿ, ಶನಿವಾರ ಸಾಯಂಕಾಲ ಚರ್ಚಿನ ಪೀಠಕ್ಕೆ ತಾವೇ ತಂದು ಇಡುತ್ತಾರೆ. ಆ ಹುಡುಗಿಗೆ ಸೋದರತ್ತೆ. ತಾಯಿ ಕಾಯಿಲೆಯವಳಾಗಿದ್ದರಿಂದ ಹುಡುಗಿಯನ್ನು ಸಾಕಿದ್ದೇ ಇವರು. ಸ್ವಂತ ಮಕ್ಕಳಿಲ್ಲ. ತನ್ನ ಮಗುವಿಗೆ ಅತ್ತೆಯೇ ಜ್ಞಾನತಾಯಿಯಾಗಿ ನಿಲ್ಲಬೇಕು ಅಂತ ಆ ಹುಡುಗಿ ಹಟ ಹಿಡಿದಿದ್ದಳು. ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು, ಅದರ ಪರವಾಗಿ ದೇವರಿಗೆ ಮಾತು ಕೊಡುವವಳು ಜ್ಞಾನತಾಯಿ. ಫಾದರ್ ನಿಯಮ ಒಂದೇ: ಹಾಗೆ ನಿಲ್ಲುವವರು ತರಗತಿಗೆ ಬರಬೇಕು, ಕೊನೆಗೆ ತಮ್ಮ ಮುಂದೆ ವಿಶ್ವಾಸ ಸಂಗ್ರಹ ಪೂರ್ತಿ ಒಪ್ಪಿಸಬೇಕು. ನಾವು ನಂಬುವುದನ್ನೆಲ್ಲ ಒಂದೇ ಉಸಿರಿಗೆ ಹೇಳುವ ದೊಡ್ಡ ಜಪ ಅದು. ದೊಡ್ಡಮ್ಮ ಚಿಕ್ಕಂದಿನಲ್ಲಿ ಅರಕಲಗೂಡಿನ ಕಡೆ ಹೊಗೆಸೊಪ್ಪು ಕಡ್ಡಿಗೆ ಕಟ್ಟುವ ಕೂಲಿಗೆ ಹೋದವರು. ಭಾನುವಾರವೂ ಸೊಪ್ಪು ಕಾಯುವುದಿಲ್ಲವಲ್ಲ, ಉಪದೇಶ ತಪ್ಪಿಹೋಯಿತು. ಜ್ಞಾನತಾಯಿಯಾಗಿ ನಿಲ್ಲು ಅಂತ ಹಿಂದೆ ಎರಡು ಮನೆಯವರು ಕೇಳಿ, ಉಪದೇಶ ಆಗಿಲ್ಲ ಅಂತ ತಿಳಿದು, ಬೇರೆಯವರನ್ನು ನಿಲ್ಲಿಸಿದ್ದರಂತೆ. ಈ ಸಲವೂ ತಪ್ಪಿದರೆ ನಿಲ್ಲುವುದಕ್ಕೆ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿಯವರ ಹೆಂಡತಿ, ಹುಡುಗಿಗೆ ತಾಯಿಯ ಕಡೆಯ ಚಿಕ್ಕಮ್ಮ, ಸೀರೆ ಸಮೇತ ಸಿದ್ಧವಾಗಿದ್ದರು. ಇದನ್ನೆಲ್ಲ ದೊಡ್ಡಮ್ಮ ಯಾರ ಮೇಲೂ ದೂರಿಲ್ಲದೆ, ಹೂ ಕಟ್ಟುವಾಗ ಮಾತಾಡುವ ಹಾಗೆ ಹೇಳಿದ್ದರು.

ಮೊದಲ ದಿನ ನಾನು ನಿಂತೆ. ಕಂಡಕ್ಟರು ಟಿಕೆಟ್ ಇಲ್ಲದವನನ್ನು ನೋಡುವ ಹಾಗೆ ನನ್ನನ್ನೇ ನೋಡುತ್ತಿದ್ದರು. ಪುಸ್ತಕ ತೆಗೆದು ಓದತೊಡಗಿದೆ. ಒಂದು ಗಂಟೆಯ ಪಾಠ ಎಂಟು ನಿಮಿಷಕ್ಕೆ ಮುಗಿದುಹೋಯಿತು. ಆಯ್ತಾ ಮಗ ಅಂತ ದೊಡ್ಡಮ್ಮ ಕೇಳಿದರು. ಮೊಣಕಾಲು ತಾತನದಕ್ಕಿಂತ ಕೆಟ್ಟದಾಗಿ ಅದುರುತ್ತಿತ್ತು. ಗಂಟಲು ಸರಿಮಾಡಿಕೊಳ್ಳೋಣ ಅಂತ ಕೆಮ್ಮಿದೆ ನೋಡಿ, ಬಂದದ್ದು ತಾತನ ಕೆಮ್ಮು. ಒಂದರ ಹಿಂದೆ ಇನ್ನೊಂದು. ಅದರ ಬಾಲ ಹಿಡಿದುಕೊಂಡು ‘ಮಕ್ಳಾ’ ಬಂತು. ನಾಲ್ಕೂ ಜನ ನಕ್ಕರು. ಕೂಸೂ ಯಾಕೋ ನಕ್ಕಿತು. ನನ್ನ ಮೊಣಕಾಲು ನಿಂತುಬಿಟ್ಟಿತು.

ಅಲ್ಲಿಂದ ಮುಂದೆ ಪಾಠ ನೀರು ಹರಿದ ಹಾಗೆ. ತಾತನ ದನಿಯಲ್ಲಿ ನನಗೆ ಭಯವೇ ಇರಲಿಲ್ಲ. ತಪ್ಪು ಹೇಳಿದರೂ ಅದು ತಾತನ ತಪ್ಪು. ಕಂಡಕ್ಟರು ಮೊದಲ ದಿನವೇ ತಕರಾರು ತೆಗೆದರು: ಶಿಲುಬೆಯ ಮೇಲೆ ಶುಕ್ರವಾರ ಮಧ್ಯಾಹ್ನ ಸತ್ತು ಭಾನುವಾರ ಬೆಳಿಗ್ಗೆ ಎದ್ದರೆ ಮೂರನೇ ದಿನ ಹೇಗಾಗುತ್ತೆ, ಲೆಕ್ಕ ಹಾಕಿದರೆ ಎರಡು ದಿನವೂ ತುಂಬೋದಿಲ್ಲವಲ್ಲ ಅಂತ. ತಾತ ಇಂಥದ್ದಕ್ಕೆ ಹಲ್ಲು ಟಕ್ ಅನ್ನಿಸಿ, ಒಳ್ಳೇ ಪ್ರಶ್ನೆ, ಬರೋ ವಾರ ನೋಡಾನ ಅಂದು ದಾಟಿಬಿಡುತ್ತಿದ್ದರು. ನಾನೂ ಹಾಗೇ ದಾಟಿದೆ. ನಾಲ್ಕು ವಾರ ದಾಟಿದೆ.

ದೊಡ್ಡಮ್ಮನಿಗೆ ಅಕ್ಷರ ಕೂಡಿಸಿ ಓದುವುದು ನಿಧಾನ. ವಿಶ್ವಾಸ ಸಂಗ್ರಹವನ್ನು ಫೋನಿಗೆ ಹೇಳಿ ಕಳಿಸು ಮಗ, ಹೂ ಕಟ್ತಾ ಕೇಳಿಸ್ಕತೀನಿ ಅಂದರು. ನನ್ನ ದನಿಯಲ್ಲಿ ಮೂರು ಸಲ ರೆಕಾರ್ಡ್ ಮಾಡಿದೆ. ಮೂರು ಸಲವೂ ಸೊಳ್ಳೆ ಹಾಡಿದ ಹಾಗಿತ್ತು, ಅಳಿಸಿಬಿಟ್ಟೆ. ನಾಲ್ಕನೇ ಸಲ ತಾತನಾಗಿ ಹೇಳಿದೆ. ಪರವಾಗಿಲ್ಲ ಅನ್ನಿಸಿತು, ವಾಟ್ಸಾಪಿನಲ್ಲಿ ಕಳಿಸಿದೆ. ಅವರು ಅದನ್ನು ಹಗಲೆಲ್ಲ ಹಾಕಿಕೊಂಡು ಕೇಳಿದರು. ಸೇವಂತಿಗೆ ಕೊಳ್ಳಲು ಬಂದವರೂ ಕೇಳಿದರು. ಬೀದಿಯ ಅರ್ಧ ಜನಕ್ಕೆ ಅದು ಬರುವಂತಾಯಿತು.

ಐದನೇ ಭಾನುವಾರ ಫಾದರ್ ಪರೀಕ್ಷೆಗೆ ಬಂದು ಕುರ್ಚಿಯಲ್ಲಿ ಕೂತರು. ಮೊದಲು ದೊಡ್ಡಮ್ಮನನ್ನೇ ಕರೆದರು. ಅವರು ಒಗೆದ ಬಿಳಿ ಸೀರೆ ಉಟ್ಟು ಬಂದಿದ್ದರು. ಎದ್ದು ನಿಂತು, ಕೈ ಜೋಡಿಸಿ, ಕಣ್ಣು ಮುಚ್ಚಿ, ಎರಡು ಸಲ ಕೆಮ್ಮಿದರು. ಆಮೇಲೆ ಶುರುವಾಯಿತು. ತಾತನ ಎಳೆತ ಅಲ್ಲಲ್ಲಿ ಹಾಗೇ ಇತ್ತು. ಎರಡನೇ ಸಾಲಿನ ಮಧ್ಯೆ, ಬಾಯಲ್ಲಿ ಸ್ವಂತ ಹಲ್ಲೇ ಇದ್ದರೂ, ನಾಲಿಗೆಯಲ್ಲಿ ‘ಟಕ್’ ಅನ್ನಿಸಿದರು. ನಾಲ್ಕನೇ ಸಾಲು ಮುಗಿಯುತ್ತಲೇ ಅದೇ ಭಕ್ತಿಯಿಂದ ‘ಇಲ್ಲೊಂದು ಉಸ್ರು ತಗಳಿ ಮಕ್ಳಾ’ ಅಂದು, ಉಸಿರು ತೆಗೆದುಕೊಂಡು, ಐದನೇ ಸಾಲಿಗೆ ಹೋದರು. ಒಂದು ಮಾತೂ ತಪ್ಪಲಿಲ್ಲ. ಕಂಡಕ್ಟರು ಪಕ್ಕದಲ್ಲಿ ಎಲ್ಲ ಸರಿಯಿದೆ ಅಂತ ತಲೆಯಾಡಿಸುತ್ತಿದ್ದರು.

ಫಾದರ್ ಮುಖ ಕೆಂಪಾಯಿತು. ಅವರು ಜೋರು ಮಾಡುವವರಲ್ಲ, ಇನ್ನೂ ಮೆತ್ತಗೆ ಮಾತಾಡುತ್ತಾರೆ, ಅದೇ ಕಷ್ಟ. ಕಾಲು ಕುಯ್ಯಿಸಿಕೊಂಡು ಮಲಗಿರುವ ಹಿರಿಯರನ್ನು ಅಣಕಿಸುವುದಕ್ಕೆ ಈ ಹುಡುಗನೊಬ್ಬ ಸಾಕಿತ್ತು, ನೀವೂ ಸೇರಿದಿರಾ ಎಂದು ಕೇಳಿದರು. ಅದೂ ವಿಶ್ವಾಸ ಸಂಗ್ರಹದಲ್ಲಿ. ಮುಂದಿನ ಭಾನುವಾರ ಗರಿಗಳ ಹಬ್ಬ, ಅವತ್ತು ಇನ್ನೊಂದು ಸಲ ಕೇಳುತ್ತೇನೆ, ಆಗಲೂ ಹೀಗೇ ಆದರೆ ಚನ್ನರಾಯಪಟ್ಟಣದವರೇ ನಿಲ್ಲಲಿ ಎಂದರು.

ದೊಡ್ಡಮ್ಮನಿಗೆ ತಾನು ಮಾಡಿದ್ದೇನು ಅಂತಲೇ ಗೊತ್ತಾಗಲಿಲ್ಲ. ಅವರ ಪಾಲಿಗೆ ಆ ಕೆಮ್ಮೂ ಜಪದೊಳಗೇ ಇತ್ತು. ಅವರು ನನ್ನ ಕಡೆ ನೋಡಿದರು. ನಾನು ಗೋದಲಿಯ ಒಂಟೆಯ ಕಡೆ ನೋಡಿದೆ. ಅವರ ಆ ಒಂದು ನೋಟವನ್ನು ಮಾತ್ರ ನಾನು ಇವತ್ತಿಗೂ ಯಾರಿಗೂ ಮಾಡಿ ತೋರಿಸಿಲ್ಲ.

ಎಲ್ಲರೂ ಹೋದ ಮೇಲೆ ಫಾದರ್ ಮನೆಗೆ ಹೋಗಿ ಪೂರ್ತಿ ಹೇಳಿದೆ. ತಪ್ಪು ದೊಡ್ಡಮ್ಮನದಲ್ಲ, ಅವರು ಕಲಿತಿದ್ದು ನನ್ನಿಂದ, ನಾನು ಹೇಳಿಕೊಟ್ಟಿದ್ದು ಹೆದರಿಕೊಂಡು. ಫಾದರ್ ಬೈಯುತ್ತಾರೆ ಅಂದುಕೊಂಡೆ. ಅವರು, ಹಾಗಾದರೆ ಬರುವ ವಾರ ಆ ಪಾಠವನ್ನು ಮೊದಲಿನಿಂದ ನೀನೇ ಮಾಡು, ನಿನ್ನ ದನಿಯಲ್ಲಿ, ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಆಮೇಲೆ ಅವರನ್ನು ಕೇಳುತ್ತೇನೆ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ರಜೆ ಹಾಕಿ ಹಾಸನಕ್ಕೆ ಹೋದೆ. ತಾತ ಕಾಲು ಚಾಚಿಕೊಂಡು ಮಂಚದ ಮೇಲೆ ಕೂತಿದ್ದರು. ಕ್ಷಮಿಸಿ ಅಂತ ಶುರುಮಾಡಿದೆ. ಅದೆಲ್ಲ ಇರ್ಲಿ, ಎಲ್ಲಿ ಮಾಡು ನೋಡಾನ ಅಂದರು. ಮಾಡಿದೆ. ಅಡುಗೆಮನೆಯಲ್ಲಿ ಮಗಳು ನಗುವುದು ಕೇಳಿಸಿತು. ತಾತ ಮಾತ್ರ ನಗಲಿಲ್ಲ. ಪೂರ್ತಿ ಕೇಳಿ, ನಾನು ಇಂಗೆಲ್ಲ ಮಾತಾಡಲ್ಲ, ಇದ್ಯಾರೋ ಬೇರೆಯವರು ಅಂದರು. ಅವರ ಸಮಾಧಾನಕ್ಕೆ ನಾನೂ ಇರಬಹುದು ತಾತ ಅಂದೆ. ಕೊನೆಗೆ, ಈ ಭಯ ಯಾವಾಗ ಹೋಗುತ್ತೆ ಅಂತ ಕೇಳಿದೆ. ತಾತ ಮೊಣಕಾಲು ನೀವಿಕೊಳ್ಳುತ್ತಾ ಹೇಳಿದರು:

“ಅದು ಓಗಲ್ಲ ಕಣ್ಲಾ. ಜನ ಬಂದಂಗೆ ಅದೂ ಬತ್ತದೆ. ಅದಕ್ಕೂ ಒಂದು ಕುರ್ಚಿ ಆಕ್ಬುಟ್ಟು ನಿನ್ ಪಾಡ್ಗೆ ನೀನು ಯೋಳು.”

ಮಂಗಳವಾರದಿಂದ ದಿನಾ ಸಾಯಂಕಾಲ ಬಸ್ಸಿಳಿದು ಸೀದಾ ಹೂವಿನ ತಿರುವಿಗೆ ಹೋದೆ. ಅಲ್ಲೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನನ್ನ ಸೊಳ್ಳೆ ದನಿಯಲ್ಲಿ ಒಂದೊಂದೇ ಸಾಲು ಹೇಳಿಕೊಟ್ಟೆ. ಅದಕ್ಕೂ ಮುಂಚೆ, ಆಗಿದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ದೊಡ್ಡಮ್ಮ ಕೈ ನಿಲ್ಲಿಸದೆ ಕೇಳಿಸಿಕೊಂಡರು. ಬೈಗುಳ ಬಂತು, ಅದರ ವಿವರ ಬೇಡ. ನಮ್ಮಪ್ಪ, ನಮ್ಮಜ್ಜಿ ಇಬ್ಬರೂ ಅದರಲ್ಲಿ ಬಂದು ಹೋದರು. ಆಮೇಲೆ ಕಲಿಯಲು ಕೂತರು. ಕಲಿಯುವುದಕ್ಕಿಂತ ಮರೆಯುವುದು ಕಷ್ಟವಾಯಿತು. ಕೆಮ್ಮು ಬಿಟ್ಟರೆ ಮುಂದಿನ ಸಾಲೇ ಸಿಗುತ್ತಿರಲಿಲ್ಲ. ನಡುವಿನ ಒಂದು ಗಂಟು ಬಿಚ್ಚಿದರೆ ಮಾರು ಹೂವೂ ಉದುರುತ್ತಲ್ಲ ಹಂಗಾಯ್ತದೆ ಅಂದರು. ಕೊನೆಗೆ ಅವರೇ ದಾರಿ ಕಂಡುಕೊಂಡರು. ನಾರಿಗೆ ಎರಡು ಹೂ ಇಟ್ಟು ಒಂದು ಸಾಲು ಹೇಳಿ ಗಂಟು ಬಿಗಿಯುವುದು, ಮತ್ತೆರಡು ಹೂ, ಇನ್ನೊಂದು ಸಾಲು. ಟಕ್ ಅನ್ನಲು ನಾಲಿಗೆ ಎದ್ದಾಗಲೆಲ್ಲ ಗಂಟು ಜೋರಾಗಿ ಎಳೆಯುತ್ತಿದ್ದರು. ಆ ವಾರ ಅವರು ಕಟ್ಟಿದ ಮಲ್ಲಿಗೆ ಕತ್ತರಿ ಹಾಕಿದರೂ ಬಿಚ್ಚುವ ಹಾಗಿರಲಿಲ್ಲ.

ಗರಿಗಳ ಭಾನುವಾರ ಬಂತು. ಪೂಜೆಯಲ್ಲಿ ಮಂತ್ರಿಸಿ ಕೊಟ್ಟ ತೆಂಗಿನ ಗರಿ ಹಿಡಿದುಕೊಂಡೇ ಎಲ್ಲರೂ ಹಿಂದಿನ ಕೋಣೆಗೆ ಬಂದರು. ಫಾದರ್ ಹೇಳಿದ ಹಾಗೇ ಹಿಂದಿನ ಬೆಂಚಿನಲ್ಲಿ ಕೂತರು. ನಾನು ನಿಂತೆ. ಗಂಟಲಲ್ಲಿ ಕೆಮ್ಮು ಬಂದು ನಿಂತಿತ್ತು, ಒಂದು ಸಲ ಬಿಟ್ಟರೆ ಸಾಕು, ತಾತ ಬಂದು ಎಲ್ಲ ನೋಡಿಕೊಳ್ಳುತ್ತಿದ್ದರು. ಅದನ್ನು ನುಂಗಿದೆ. ನುಂಗಿದ ಸದ್ದು ಎಲ್ಲರಿಗೂ ಕೇಳಿಸಿತು. ನನ್ನ ಗರಿ ಗಾಳಿಯಿಲ್ಲದೆಯೇ ಅಲ್ಲಾಡುತ್ತಿತ್ತು. ಅದನ್ನು ಮೇಜಿನ ಮೇಲಿಟ್ಟು, ನನಗೆ ಹೆದರಿಕೆಯಾಗುತ್ತಿದೆ ಅಂತ ಹೇಳಿದೆ. ಯಾರೂ ನಗಲಿಲ್ಲ. ಇದೂ ಯಾರದೋ ಅಣಕ ಇರಬೇಕು ಅಂತ ಕಾದರು. ಅಲ್ಲ ಅಂತ ಗೊತ್ತಾದ ಮೇಲೆ ಹರದನಹಳ್ಳಿಯವನು ಎದ್ದು ನೀರಿನ ಬಾಟಲಿ ತಂದುಕೊಟ್ಟ.

ಪಾಠ ಚೆನ್ನಾಗಿ ಮಾಡಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಜ್ಞಾನತಾಯಿ ಕೊಡುವ ಮಾತು ಏನು, ಯಾಕೆ ಕೊಡುತ್ತಾಳೆ, ಮಗು ದೊಡ್ಡದಾದ ಮೇಲೆ ಅವಳ ಕೆಲಸವೇನು ಅಂತ ಒಂದೊಂದಾಗಿ ಹೇಳಿದೆ. ಎರಡು ಕಡೆ ತಡವರಿಸಿ ಹಿಂದಕ್ಕೆ ಹೋಗಿ ಬಂದೆ. ಕಂಡಕ್ಟರು ಇದೇ ಸಮಯ ಅಂತ ಆ ಮೂರು ದಿನದ ತಕರಾರನ್ನು ಮತ್ತೆ ತೆಗೆದರು. ಬರೋ ವಾರ ಅನ್ನಲು ಈಗ ತಾತ ಇರಲಿಲ್ಲ. ಗೊತ್ತಿಲ್ಲ ಸಾ ಅಂದೆ. ಹಿಂದಿನ ಬೆಂಚಿನಲ್ಲಿ ಫಾದರ್ ಬಾಯಿ ತೆಗೆಯುವಷ್ಟರಲ್ಲಿ ಕಂಡಕ್ಟರೇ ತಮ್ಮ ಗರಿಯಿಂದ ಗಲ್ಲ ಕೆರೆದುಕೊಂಡು, ನಮ್ಮ ಡಿಪೋದಲ್ಲೂ ಅರ್ಧ ದಿನ ಗಾಡಿ ಓಡಿಸಿದರೆ ಹಾಜರಿಯಲ್ಲಿ ಒಂದು ದಿನ ಅಂತಲೇ ಬರೀತಿದ್ದರು, ಅಲ್ಲೂ ಹಂಗೇ ಇರಬೇಕು ಬಿಡಿ ಅಂದರು. ಫಾದರ್, ಹೌದು, ಆ ಕಾಲದ ಜನ ಹಾಗೇ ಎಣಿಸುತ್ತಿದ್ದರು ಎಂದರು. ಕಂಡಕ್ಟರು ಅವತ್ತಿನಿಂದ ನನ್ನನ್ನು ಟಿಕೆಟ್ ಇರುವವನ ಹಾಗೆ ನೋಡತೊಡಗಿದರು.

ಆಮೇಲೆ ದೊಡ್ಡಮ್ಮ ಎದ್ದರು. ಕೈಯಲ್ಲಿ ಹೂವಿರಲಿಲ್ಲ, ತಪಸ್ಸು ಕಾಲದಲ್ಲಿ ಪೀಠಕ್ಕೆ ಹೂ ಇಡುವುದಿಲ್ಲ. ಆದರೂ ಬೆರಳುಗಳು ಎದೆಯ ಹತ್ತಿರ ಇಲ್ಲದ ನಾರಿಗೆ ಗಂಟು ಹಾಕುತ್ತಾ ಹೋದವು. ಅವರ ಸ್ವಂತ ದನಿಯನ್ನು ನಾನು ಅದುವರೆಗೆ ಗಮನವಿಟ್ಟು ಕೇಳಿರಲೇ ಇಲ್ಲ ಅಂತ ಆಗ ಗೊತ್ತಾಯಿತು. ದಪ್ಪನೆಯ, ಅವಸರವಿಲ್ಲದ ದನಿ. ನಾಲ್ಕನೇ ಸಾಲಾದ ಮೇಲೆ ನಿಂತರು. ಬೆರಳುಗಳೂ ನಿಂತವು. ಹುಡುಗಿ ಕೂಸನ್ನು ಬಿಗಿಯಾಗಿ ಅಪ್ಪಿಕೊಂಡಳು. ಹೇಳಿಕೊಡಬೇಕು ಅಂತ ನನ್ನ ಬಾಯಿಗೆ ಬಂತು, ಫಾದರ್ ನನ್ನ ಕಡೆ ನೋಡಿ ಬೇಡ ಎಂಬಂತೆ ಕೈ ತೋರಿಸಿದರು. ದೊಡ್ಡಮ್ಮ ಮೂಗಿನಿಂದ ದೊಡ್ಡದೊಂದು ಉಸಿರು ಬಿಟ್ಟು, ಬೆರಳಿಗೆ ಮತ್ತೆರಡು ಹೂ ತೆಗೆದುಕೊಂಡ ಹಾಗೆ ಮಾಡಿ, ಐದನೇ ಸಾಲು ಹಿಡಿದರು. ಆಮೆನ್‌ವರೆಗೆ ಎಲ್ಲೂ ನಿಲ್ಲಲಿಲ್ಲ.

ಫಾದರ್ ಒಂದೇ ಪ್ರಶ್ನೆ ಕೇಳಿದರು: ಈ ಮಗುವಿಗೆ ನೀವು ಮೊದಲು ಏನು ಕಲಿಸುತ್ತೀರಿ? ದೊಡ್ಡಮ್ಮ ಸ್ವಲ್ಪ ಯೋಚಿಸಿ, ಇದು ಕೈ ಜೋಡಿಸೋದು ಕಲೀಲಿ ಸ್ವಾಮಿ, ಬಾಕಿದು ನಾನೂ ಅದೂ ಒಟ್ಟಿಗೇ ಕಲೀತೀವಿ ಅಂದರು. ಫಾದರ್ ಪುಸ್ತಕದಲ್ಲಿ ಜ್ಞಾನತಾಯಿ ಎನ್ನುವ ಜಾಗದಲ್ಲಿ ಅವರ ಹೆಸರು ಬರೆದುಕೊಂಡರು. ದೊಡ್ಡಮ್ಮ ಕೂಸನ್ನು ಕೇಳಿ ತೆಗೆದುಕೊಂಡು, ಜ್ಞಾನಸ್ನಾನದ ದಿನ ಎತ್ತಿಕೊಳ್ಳಬೇಕಾದ ರೀತಿಯಲ್ಲಿ ಒಂದು ಸಲ ಎತ್ತಿ ನೋಡಿಕೊಂಡರು.

ನನ್ನ ಕೆಲಸ ಮುಗಿಯಿತು ಅಂತ ನಾನು ಬಾಗಿಲ ಕಡೆ ಜರುಗುತ್ತಿದ್ದೆ. ಫಾದರ್ ತಡೆದರು. ಉಪದೇಶಿಯವರು ಇನ್ನು ಈ ಮೆಟ್ಟಿಲು ಹತ್ತುವುದು ಕಷ್ಟ, ಈಸ್ಟರ್ ಆದ ಮೇಲೂ ದೊಡ್ಡವರ ತರಗತಿ ನೀನೇ ನಡೆಸು ಎಂದರು. ನಾನು ಕೈಮುಗಿದೆ. ನನಗೆ ಏನೂ ಗೊತ್ತಿಲ್ಲ ಫಾದರ್, ಇವತ್ತೇ ನೋಡಿದಿರಲ್ಲ, ಒಂದು ಪ್ರಶ್ನೆಗೂ ಉತ್ತರ ಬರಲಿಲ್ಲ, ಕೈಕಾಲು ನಡುಗುತ್ತೆ, ಯಾರಾದರೂ ಗೊತ್ತಿರುವವರನ್ನು ನಿಲ್ಲಿಸಿ ಅಂತ ಒಂದೇ ಸಮನೆ ಹೇಳಿದೆ. ಫಾದರ್ ಏನೋ ಹೇಳುವುದಕ್ಕೆ ಹೊರಟರು. ಅವರಿಗಿಂತ ಮುಂಚೆ ದೊಡ್ಡಮ್ಮ, ಕೂಸನ್ನು ಹೆಗಲಿಗೆ ಹಾಕಿಕೊಂಡು, ನನ್ನ ಕಡೆ ತಿರುಗಿದರು.

“ಗೊತ್ತಿರೋರು ಯೋಳ್ಕೊಟ್ಟಾಗ ನಾವು ತಲೆ ಆಡುಸ್ಕಂಡು ನಿದ್ದೆ ಮಾಡ್ತೀವಿ ಕಣ್ಲಾ. ನೀನು ನಡುಗ್ತಾ ನಿಂತಿದ್ದಕ್ಕೇಯ, ಎಲ್ಲಿ ಬಿದ್ದೋಯ್ತಾನೋ ಇವನು ಅಂತ, ಒಬ್ರೂ ಕಣ್ಣು ಮುಚ್ಚದಂಗೆ ಕೇಳಿದ್ದು. ಮುಂದ್ಕೂ ಅಂಗೇ ನಡುಗ್ತಾ ಬಾ.”